ಕೆಂಪು ಬಟ್ಟೆ ಕಟ್ಟಿದ ಕೈ

“ನಿಮ್ಮಪ್ಪನ ಕೈಯಾಗಿನ ಗಂಟಿಗೆ ಇದ್ದಷ್ಟು ಬುದ್ಧಿ ನಿನ್ನ ತಲಿಯಾಗ ಇಲ್ಲಲೇ ಕಲ್ಮೇಶಿ. ಅದು ಬಡದ್ರ ಸಪ್ಪಳಾರ ಮಾಡತೈತಿ.”

ರಾಚಪ್ಪ ಮಾಸ್ತರ ಈ ಮಾತು ಅಂದಾಗ ನಾನು ಹೆಜ್ಜೆ ಮನೆಯ ಕಿಟಕಿಗೆ ಏಣಿ ಹಾಕಿಕೊಂಡು, ತುಕ್ಕು ತಿಂದ ಸರಳಿಗೆ ವೆಲ್ಡಿಂಗ್ ಮಾಡುತ್ತಿದ್ದೆ. ಕೆಳಗೆ ಊರಿನ ಮುದುಕರು, ಮುದುಕಿಯರು, ಅವರ ಮಕ್ಕಳು, ಸೊಸೆಯಂದಿರು ಎಲ್ಲ ಇದ್ದರು. ಮೊದಲು ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ಕಣ್ಣಿಗೆ ಹಿಡಿದಿದ್ದ ಕರಿ ಗಾಜನ್ನು ತೆಗೆಯಲಿಲ್ಲ. ಅದರ ಹಿಂದಿನಿಂದ ನೋಡಿದರೆ ನಗುವವರೂ ಸತ್ತವರ ಹಾಗೆ ಕಾಣುತ್ತಾರೆ.

ಈ ಮಾತನ್ನು ನಾನು ಕೇಳುತ್ತಿದ್ದದ್ದು ಎರಡನೆಯ ಸಲ. ಮೊದಲನೆಯ ಸಲ ಕೇಳಿದಾಗ ಏಳನೇ ಕ್ಲಾಸಿನಲ್ಲಿದ್ದೆ, ಎದ್ದು ನಿಂತು ಪಾಠ ಓದಲಾಗದೆ ಸುಮ್ಮನೆ ನಿಂತಿದ್ದೆ, ಇದೇ ಬಾಯಿ ಇದೇ ಮಾತನ್ನು ಅಂದಿತ್ತು. ಅವತ್ತೂ ಹೀಗೇ ನಕ್ಕಿದ್ದರು. ಚೀಲವನ್ನು ಅಲ್ಲೇ ಬಿಟ್ಟು ಬಂದವನು ಮತ್ತೆ ಆ ಶಾಲೆಯ ಹೊಸ್ತಿಲು ತುಳಿದಿಲ್ಲ.

ಮುದುಕರನ್ನು ಕುಣಿಸಲು ಚರ್ಮದ ಹಲಗೆ ಬಡಿಯುತ್ತಿದ್ದ ತುಳಸಕ್ಕ ಕೈ ನಿಲ್ಲಿಸಿದಳು. “ಬಿತ್ತು ನೋಡ್ರಿ ಹೆಸರು,” ಅಂದಳು. “ಕಲ್ಮೇಶಿ, ಇಳಿಯೋ ಕೆಳಗ.”

“ಅದು ಹೆಸರಲ್ಲಕ್ಕಾ. ಬೈಗಳ.”

“ಬೈಗಳದಾಗ ಹೆಸರು ಐತಲ್ಲ. ಇಳಿ.”

ನಮ್ಮೂರಿನಲ್ಲಿ ತಲೆಗೂದಲು ಪೂರ್ತಿ ಬೆಳ್ಳಗಾದವರಿಗೆ ಮೈ ಆಡುತ್ತಿರುವಷ್ಟು ಹೊತ್ತು ಮಾತ್ರ ನೆನಪಿರುತ್ತದೆ. ನಿಂತರೆ ಹೋಯಿತು. ಹೆಜ್ಜೆ ಹಾಕುತ್ತಿರುವ ಮುದುಕಿ ತನ್ನ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂದು ಹೇಳುತ್ತಾಳೆ. ಹೆಜ್ಜೆ ನಿಂತ ಕೂಡಲೇ ಎದುರಿಗಿರುವ ಮಗನನ್ನೇ “ಯಾರಪ್ಪಾ ನೀನು, ಯಾವೂರು?” ಎಂದು ಕೇಳುತ್ತಾಳೆ. ಇದಕ್ಕೆ ಊರು ಹೊಂದಿಕೊಂಡಿದೆ. ಕ್ಷೌರದಂಗಡಿಯ ನಾಗಪ್ಪ ಮುದುಕರ ಗಡ್ಡ ಕೆರೆಯುವಾಗ ತಾನೂ ಅವರ ಜೊತೆ ಅತ್ತಿತ್ತ ವಾಲುತ್ತಾನೆ, ಅವನ ಕೈಯಲ್ಲಿ ಇವತ್ತಿನವರೆಗೆ ಯಾರಿಗೂ ಗಾಯವಾಗಿಲ್ಲ. ಹೆಣ್ಣು ನೋಡಲು ಹೋದರೆ ಎರಡೂ ಕಡೆಯ ಅಜ್ಜಂದಿರು ಪಡಸಾಲೆಯಲ್ಲಿ ಸುತ್ತು ಹಾಕುತ್ತಲೇ ನೆಂಟಸ್ತನದ ಎಳೆ ಹುಡುಕುತ್ತಾರೆ. ಉಪ್ಪಿಟ್ಟಿನ ತಟ್ಟೆ ಹಿಡಿದ ಹುಡುಗಿ ಅವರ ಹಿಂದೆ ಸುತ್ತುತ್ತಾಳೆ. ಹೊಲದ ಬದುವಿನ ಜಗಳ ಬಂದರೆ ಸಾಕ್ಷಿ ಹೇಳುವ ಮುದುಕನನ್ನು ಬದುವಿನ ಮೇಲೆಯೇ ಕುಣಿಸುತ್ತಾರೆ. ನಮ್ಮೂರಿನ ಮುದುಕರ ಸಹಿಗಳೆಲ್ಲ ಅಲ್ಲಾಡಿರುತ್ತವೆ. ಸೊಸೈಟಿಯಲ್ಲಿ ಯಾರೂ ಅದನ್ನು ತಪ್ಪು ಎನ್ನುವುದಿಲ್ಲ.

ಹಳೆಯ ಹತ್ತಿ ಗೋದಾಮೇ ಹೆಜ್ಜೆ ಮನೆ. ಬೆಳಗ್ಗೆ ಬಿಸಿಲೇರುವ ಮೊದಲು ಮುದುಕರನ್ನೆಲ್ಲ ಅಲ್ಲಿಗೆ ಕರೆತರುತ್ತಾರೆ. ಎಲ್ಲರೂ ಸುತ್ತ ನಿಂತು, ತುದಿಗೆ ತುದಿ ಗಂಟು ಹಾಕಿದ ಹಳೆ ಸೀರೆಗಳ ಅಂಚು ಹಿಡಿದು, ಮೊದಲು ಸುಮ್ಮನೆ ತೂಗುತ್ತಾರೆ. ಮೈ ಬೆಚ್ಚಗಾದ ಮೇಲೆ ತುಳಸಕ್ಕ ಒಬ್ಬೊಬ್ಬರ ಹೆಜ್ಜೆಯನ್ನೂ ಬಿಡಿಸುತ್ತಾಳೆ. ಬಟ್ಟೆ ಒಗೆದು ಬದುಕಿದವಳಿಗೆ ಎತ್ತಿ ಬಡಿಯುವ ಕೈ. ದರ್ಜಿಗೆ ಪೆಡಲು ತುಳಿಯುವ ಪಾದ. ಕಾಲು ಬಿದ್ದವರಿಗೆ ಹೆಗಲು, ಹೆಗಲೂ ಬಿದ್ದವರಿಗೆ ಬೆರಳು. ಮೈಯಲ್ಲಿ ಎಲ್ಲಿ ಏನು ಉಳಿದಿದೆಯೋ ಅಲ್ಲಿಂದ ಶುರು ಮಾಡುತ್ತಾಳೆ. ಆದರೆ ಒಂಟಿಯಾಗಿ ಕುಣಿದರೆ ಹೆಚ್ಚು ಹೊತ್ತು ನಡೆಯುವುದಿಲ್ಲ, ಎದುರಿಗೆ ಒಬ್ಬರು ಬೇಕು. ಅವರನ್ನು ಎದುರಿನವರು ಎನ್ನುತ್ತಾರೆ. ಮಕ್ಕಳಿದ್ದವರಿಗೆ ಮಕ್ಕಳೇ ಎದುರಿನವರು. ಇಲ್ಲದವರಿಗೆ, ಹೆಜ್ಜೆ ನಿಲ್ಲುವ ಗಳಿಗೆಯಲ್ಲಿ ಯಾರ ಹೆಸರು ಬಾಯಿಂದ ಬಿದ್ದಿತೋ ಅವರು.

ಮಾಸ್ತರನಿಗೆ ಮದುವೆಯಾಗಿರಲಿಲ್ಲ. ತಂಗಿಯೊಬ್ಬಳು ಎದುರಿನವಳಾಗಿದ್ದಳು, ಹಿಂದಿನ ತಿಂಗಳು ತೀರಿಕೊಂಡಳು. ಹೆಸರು ಬೀಳಲಿ ಎಂದೇ ಅವತ್ತು ತುಳಸಕ್ಕ ಅವನನ್ನು ಒಂಟಿಯಾಗಿ ಕುಣಿಸಿದ್ದಳು. ಅವನು ಸುಸ್ತಾಗಿ, ಹಿಂದೆ ಇಟ್ಟಿದ್ದ ಕುರ್ಚಿಯ ಮೇಲೆ ಕುಸಿಯುವಾಗ ನನ್ನ ಹೆಸರು ಬಿತ್ತು.

ಬರುವುದಿಲ್ಲ ಎಂದರೆ ಬಲವಂತ ಇಲ್ಲ. ಆದರೆ ಎದುರಿನವರು ಇಲ್ಲದ ಮುದುಕರು ಗೋಡೆ ಪಾಲಾಗುತ್ತಾರೆ. ಹೆಜ್ಜೆ ಮನೆಯ ಪಡುವಣ ಗೋಡೆಗೆ ಉದ್ದಕ್ಕೂ ಕಲ್ಲಿನ ಕಟ್ಟೆ ಇದೆ. ಅಲ್ಲಿ ಕೂರಿಸಿದವರನ್ನು ಮತ್ತೆ ಯಾರೂ ಎಬ್ಬಿಸುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ, ಬಾಯಿ ಒರೆಸುತ್ತಾರೆ, ಸೊಳ್ಳೆ ಬಂದರೆ ಬೀಸುತ್ತಾರೆ. ಅವರು ಎದುರಿನ ಗೋಡೆ ನೋಡುತ್ತಾರೆ. ಅಷ್ಟೇ.

“ಗೋಡಿ ಪಾಲಾಗಲಿ ಬಿಡು, ನನಗೇನ,” ಅಂದೆ ಅವ್ವನ ಹತ್ತಿರ ಆ ಮಧ್ಯಾಹ್ನ. “ಅವನೇನ ನನ್ನ ಅಪ್ಪನ?”

ಅವ್ವ ರೊಟ್ಟಿ ತಟ್ಟುತ್ತಿದ್ದಳು. “ಮಾಸ್ತರಿಗೆ ಅವನು ಇವನು ಅನಬ್ಯಾಡ. ನಿಮ್ಮಪ್ಪ ಬದುಕಿರೋತನಕ ಅವರ ಹೆಸರು ಎತ್ತೂ ಮುಂದ ಕೈ ಮುಗೀತಿದ್ದ.”

“ಅದಕ್ಕ ಸತ್ತ.”

“ಏನ ಮಾತಂತ ಆಡತಿ ಹಾಟ್ಯಾ.” ರೊಟ್ಟಿ ಸೀದಿತು. ಅವ್ವ ಅದನ್ನು ನನ್ನ ತಟ್ಟೆಗೇ ಹಾಕಿದಳು.

ನಮ್ಮಪ್ಪ ಯಲ್ಲಪ್ಪ ಆ ಶಾಲೆಯಲ್ಲಿ ಜವಾನನಾಗಿದ್ದ. ಗಂಟೆ ಬಡಿಯುವುದು, ನೀರು ತುಂಬುವುದು, ಮಾಸ್ತರನಿಗೆ ಚಹಾ ತರುವುದು ಅವನ ಕೆಲಸ. ಮಾಸ್ತರ ಆ ಮಾತು ಅಂದಾಗ ಅಪ್ಪ ಬಾಗಿಲಲ್ಲೇ ಇದ್ದ, ಕೈಯಲ್ಲಿ ಗಂಟೆ, ಅದನ್ನು ಬಡಿಯುವ ಕಟ್ಟಿಗೆಯ ಸುತ್ತಿಗೆ ಇದ್ದವು. ಆಗ ಏನಾಯಿತು ಎನ್ನುವುದನ್ನು ನಾನು ಯಾರಿಗೂ ಹೇಳಿಲ್ಲ. ಅವ್ವನಿಗೂ ಹೇಳಿಲ್ಲ. ಶಾಲೆಗೆ ಯಾಕೆ ಹೋಗುವುದಿಲ್ಲ ಎಂದು ಅವಳು ಕೇಳಿ ಕೇಳಿ ಸಾಕಾಗಿ ಬಿಟ್ಟಳು. ಅಪ್ಪ ಒಂದು ಸಲವೂ ಕೇಳಲಿಲ್ಲ.

ರೊಟ್ಟಿ ತಿನ್ನುವಾಗ ಒಂದು ವಿಚಾರ ಬಂತು. ಬೈಗುಳ ಅಕ್ಷರ ತಪ್ಪದೆ ಬಂದಿದೆ. ಅಂದಮೇಲೆ ಅದು ಯಾಕೆ ಬಂತು ಎನ್ನುವುದೂ ಆ ಮೈಯಲ್ಲಿ ಎಲ್ಲೋ ಇರಬೇಕು. ಓದಲು ಬರದ ಹುಡುಗರು ಆ ಕ್ಲಾಸಿನಲ್ಲಿ ಬೇಕಾದಷ್ಟು ಇದ್ದರು. ಬೆತ್ತದ ಏಟು ಎಲ್ಲರಿಗೂ ಬೀಳುತ್ತಿತ್ತು. ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಅವನ ಕೈಯಲ್ಲಿರುವುದನ್ನು ತೋರಿಸಿ, ನನಗೊಬ್ಬನಿಗೆ ಯಾಕೆ ಆ ಮಾತು? ನನಗೆ ಬೇಕಾಗಿದ್ದದ್ದು ಆ ‘ಯಾಕೆ’ ಒಂದೇ. ಅದು ಸಿಕ್ಕಮೇಲೆ ಅವನು ಗೋಡೆ ಪಾಲಾಗಲಿ, ಹೊಳೆ ಪಾಲಾಗಲಿ.

ಮರುದಿನ ಹೋದೆ. ತುಳಸಕ್ಕ ನನ್ನ ಬಲ ಮಣಿಕಟ್ಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದಳು, ಮಾಸ್ತರನ ಬಲ ಮಣಿಕಟ್ಟಿಗೂ ಕಟ್ಟಿದಳು. “ಕೆಂಪು ಎದ್ದಾಗ ಕೆಂಪು ಏಳಬೇಕು,” ಅಂದಳು. “ಅವರು ಬಲಗೈ ಎತ್ತಿದ್ರ ನೀನೂ ಬಲಗೈ. ಕನ್ನಡ್ಯಾಗ ನೋಡಿದಂಗ ಅವರ ಬಲಕ್ಕ ನಿನ್ನ ಎಡ ಎತ್ತಿ ಗಿತ್ತೀ, ಹುಷಾರ್.”

ಇದನ್ನು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕನ್ನಡಿಯ ಹಾಗೆ ಕುಣಿದರೆ ಎದುರಿನವರ ನೆನಪು ಮುದುಕರ ಮೈಗೆ ದಾಟುತ್ತದೆ. ಗಿರಣಿ ಓಣಿಯ ನೀಲವ್ವ ಒಮ್ಮೆ ಅವಸರದಲ್ಲಿ ಅತ್ತೆಯ ಎದುರು ಹಾಗೆ ಕುಣಿದುಬಿಟ್ಟಳು. ಅತ್ತೆ ಒಂದು ವಾರ ಓಣಿಯಲ್ಲೆಲ್ಲ ತಿರುಗಿ ತನ್ನ ಮೇಲೆಯೇ ಚಾಡಿ ಹೇಳಿದಳು. “ನಮ್ಮ ಅತ್ತಿ ಎಂಥಾ ರಾಕ್ಷಸಿ ಅಂದ್ರ, ಹಾಲಿನ ಗಡಿಗಿಗೆ ಕೀಲಿ ಹಾಕತಾಳ್ರಿ,” ಎಂದು ಕಣ್ಣೀರು ಹಾಕಿದಳು. ನೆರೆಯವರು ತಲೆಯಾಡಿಸುತ್ತ ಕೇಳಿದರು. ವಾರ ಕಳೆದ ಮೇಲೆ ಎಲ್ಲ ಮೊದಲಿನಂತಾಯಿತು. ಹಾಲಿನ ಗಡಿಗೆಗೆ ಕೀಲಿ ಹಾಕುವುದು ಮಾತ್ರ ನಿಂತಿತು. ಹೆಜ್ಜೆ ಮನೆಯಲ್ಲಿ ಕನ್ನಡಿ ಇಡದಿರುವುದೂ ಕೆಂಪು ಬಟ್ಟೆ ಕಟ್ಟುವುದೂ ಆಗಿನಿಂದಲೇ ಶುರುವಾದದ್ದು ಎನ್ನುತ್ತಾರೆ.

ಮಾಸ್ತರನ ಹೆಜ್ಜೆ ಸುಲಭದ್ದು. ಬಲಗೈ ಮೇಲೆತ್ತಿ ಬೋರ್ಡಿನ ಮೇಲೆ ಬರೆಯುವುದು. ಎಡಗೈಯಿಂದ ಒರೆಸುವುದು. ಒಂದು ಕಾಲಿನ ಮೇಲೆ ಅರ್ಧ ತಿರುಗಿ ಹುಡುಗರನ್ನು ನೋಡುವುದು. ಬಗ್ಗಿ ಬಿದ್ದ ಸೀಮೆಸುಣ್ಣ ಎತ್ತುವುದು. ಹಲಗೆಯ ಪೆಟ್ಟಿಗೆ ಸರಿಯಾಗಿ ಇವನ್ನೆಲ್ಲ ಮಾಡುವಾಗ ಅವನ ಕುತ್ತಿಗೆ ನೆಟ್ಟಗಾಗುತ್ತಿತ್ತು, ಕಣ್ಣು ತಿಳಿಯಾಗುತ್ತಿತ್ತು. ಒಳ್ಳೆಯ ಕಬ್ಬಿಣ ಕಾದಾಗ ಬಣ್ಣ ಬರುವ ಹಾಗೆ ಮುಖಕ್ಕೆ ಬಣ್ಣ ಬರುತ್ತಿತ್ತು. ಇದನ್ನು ನಾನು ಮೆಚ್ಚಿ ಹೇಳುತ್ತಿಲ್ಲ. ಕಂಡದ್ದನ್ನು ಹೇಳುತ್ತಿದ್ದೇನೆ.

ಬರೆಯುವ ಹೆಜ್ಜೆಯಲ್ಲಿ ಮಗ್ಗಿ ಬಂತು, ನದಿಗಳ ಹೆಸರು ಬಂತು. ಒರೆಸುವ ಹೆಜ್ಜೆಯಲ್ಲಿ ಅವನ ತಾಯಿ ಬಂದಳು, ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದಳಂತೆ. ತಿರುಗುವ ಹೆಜ್ಜೆಯಲ್ಲಿ ಹಾಜರಿ ಬಂತು. ಒಂದೊಂದೇ ಹೆಸರು ಕೂಗುತ್ತಿದ್ದ. ಹೆಜ್ಜೆ ಮನೆಯಲ್ಲಿದ್ದ ಅವನ ಹಳೆಯ ಹುಡುಗರು ತಮ್ಮ ತಮ್ಮ ಅಪ್ಪ ಅವ್ವಂದಿರ ಎದುರು ಕುಣಿಯುತ್ತಲೇ “ಹಾಜರ್ ಸರ್” ಎಂದು ಓಗೊಡುತ್ತಿದ್ದರು. ಒಬ್ಬೊಬ್ಬರಿಗೆ ಹೊಟ್ಟೆ ಬಂದಿತ್ತು, ಆದರೂ ದನಿ ಸಣ್ಣ ಮಾಡಿಕೊಂಡು ಹೇಳುತ್ತಿದ್ದರು. ಆಮೇಲೆ ಅವನು ನನ್ನ ಮುಖವನ್ನೇ ನೋಡುತ್ತ ಕೂಗುತ್ತಿದ್ದ: “ಕಲ್ಮೇಶ ಯಲ್ಲಪ್ಪ.” ನಾನು ಮಾತಾಡುತ್ತಿರಲಿಲ್ಲ. ಸ್ವಲ್ಪ ಕಾದು, “ಗೈರ,” ಎಂದು ಮುಂದಿನ ಹೆಸರಿಗೆ ಹೋಗುತ್ತಿದ್ದ.

“ಹಾಜರ್ ಅನ್ನಲೋ. ಬಾಯಿ ಸವೀತೈತೇನು?” ಎಂದು ತುಳಸಕ್ಕ ಗದರುತ್ತಿದ್ದಳು.

“ಅವಂಗ ನಾ ಯಾರಂತ ಗೊತ್ತಿಲ್ಲ. ಯಾರಿಗೆ ಹಾಜರ್ ಅನ್ಲಿ?”

ಅದು ನಿಜ. ಅವನು ನನ್ನನ್ನು ಗುರುತು ಹಿಡಿದಿರಲೇ ಇಲ್ಲ. ಅವನ ಹಾಜರಿಯಲ್ಲಿದ್ದ ಕಲ್ಮೇಶ ಚಡ್ಡಿ ಹಾಕಿದ ಹುಡುಗ. ಎದುರಿಗೆ ಕುಣಿಯುತ್ತಿದ್ದವನು ಕೈತುಂಬ ಕಿಡಿ ಸುಟ್ಟ ಕಲೆಯಿದ್ದ, ಗಡ್ಡ ಬಿಟ್ಟ ಯಾವನೋ. “ತಮ್ಮಾ, ಚಲೋ ಕುಣೀತಿ. ಯಾರ ಮಗಾ ನೀನು?” ಎಂದು ಒಂದು ದಿನ ಕೇಳಿದ.

ನಾನು ದುಡಿಯುವ ವೆಲ್ಡಿಂಗ್ ಅಂಗಡಿಯ ಮಾಲೀಕ ದಾವಲ ಮಾಮಾನಿಗೆ ಇದೊಂದು ತಮಾಷೆಯಾಗಿತ್ತು. ದಿನಾ ತಡವಾಗಿ ಬರುತ್ತಿದ್ದ ನನ್ನನ್ನು ಕಂಡು, “ಬಂದ ನೋಡ್ರಿ ನಾಟ್ಯರಾಣಿ,” ಎನ್ನುತ್ತಿದ್ದ. “ಗೆಜ್ಜಿ ನಾ ಮಾಡಿ ಕೊಡ್ಲೇನು? ಗೇಟಿನ ಕಬ್ಬಿಣ ಉಳದೈತಿ.”

“ಮಾಮಾ, ಸುಮ್ಮನಿರು. ನನ್ನ ಕೈಯಾಗ ಬೆಂಕಿ ಐತಿ.”

“ನಿನ್ನ ಕೈಯಾಗ ಯಾವಾಗಿಲ್ಲ ಅದು?” ಆಮೇಲೆ ಕೇಳಿದ, “ಸಿಕ್ತೇನು, ನಿನಗ ಬೇಕಾದ್ದು?”

ಸಿಕ್ಕಿರಲಿಲ್ಲ. ನಾನು ಹುಡುಕದ ಹೆಜ್ಜೆಯಿರಲಿಲ್ಲ. ಬೆತ್ತ ಬೀಸುವ ಕೈ ಮಾಡಿಸಿದೆ, ಯಾವುದೋ ಜಾತ್ರೆಯಲ್ಲಿ ಕಳೆದುಹೋದ ಕೊಡೆ ನೆನಪಾಯಿತು. ಬಾಗಿಲ ಕಡೆ ಬೆರಳು ಮಾಡಿ ತೋರಿಸುವ ಕೈ ಮಾಡಿಸಿದೆ, ಮಳೆ ಬಂದ ದಿನಗಳು ಬಂದವು. ಗಂಟೆ ಬಡಿಯುವ ಕೈಯನ್ನೂ ಮಾಡಿಸಿದೆ. ಅವನು ಮಾಡಿದ, ನಗುತ್ತ ಮಾಡಿದ, “ಯಲ್ಲಪ್ಪ ಬಡೀತಿದ್ದ ಗಂಟಿ,” ಅಂದ. “ಭಾಳ ಹದಾ ಇತ್ತು ಅವನ ಕೈ. ಶಾಲಿ ಬಿಡೂ ಗಂಟಿ ಬ್ಯಾರೆ, ಊಟದ ಗಂಟಿ ಬ್ಯಾರೆ. ಕಣ್ಣು ಮುಚಿಗೊಂಡು ಹೇಳಬಹುದಿತ್ತು.” “ಅವನ ಮಗಾ?” ಎಂದು ಕೇಳಿದೆ. “ಅವಂಗ ಮಗಾ ಇದ್ನೇನು?” ಅಂದ.

ಅವತ್ತು ಕುಣಿತ ಮುಗಿದ ಮೇಲೆ ತುಳಸಕ್ಕನನ್ನು ಹಿಡಿದುಕೊಂಡೆ. ಅವಳು ಹಲಗೆಯನ್ನು ಬಿಸಿಲಿಗೆ ಒಣಹಾಕುತ್ತಿದ್ದಳು.

“ಅಕ್ಕಾ, ಹದಿನೈದು ದಿನಾ ಆತು. ಆ ಮಾತು ಯಾವ ಹೆಜ್ಜಿಯಾಗೂ ಸಿಗವಲ್ದು.”

“ಅವತ್ತ ಅವರು ನಿಂತಿದ್ರೋ, ಕುಂತಿದ್ರೋ?”

ನಾನು ನೆನಪು ಮಾಡಿಕೊಂಡೆ. ಕುರ್ಚಿಯಲ್ಲಿ ಕೂತಿದ್ದ. ಎಲೆ ಅಡಿಕೆ ಹಾಕಿಕೊಂಡಿದ್ದ. ಆ ಮಾತು ಅನ್ನುವುದಕ್ಕೆ ಎದ್ದು ನಿಲ್ಲುವ ಕೆಲಸವನ್ನೂ ಮಾಡಿರಲಿಲ್ಲ. ತಲೆಯನ್ನು ಮಾತ್ರ ಬಾಗಿಲ ಕಡೆ ಸ್ವಲ್ಪ ಹೊರಳಿಸಿ, ಅಂದು, ಮತ್ತೆ ಪುಸ್ತಕ ನೋಡಿದ್ದ.

“ಕುಂತು ಅಂದದ್ದು ಮೈಗೆ ಹತ್ತಿರಂಗಿಲ್ಲೋ ತಮ್ಮಾ,” ಅಂದಳು ತುಳಸಕ್ಕ. “ಅಂದವರ ಮೈಗೆ ಹತ್ತಿರಂಗಿಲ್ಲ. ಅವತ್ತ ಕುರ್ಚಿಗೆ ಬೀಳೂ ಮುಂದ ಬಾಯಿಂದ ಜಾರಿ ಬಂತು, ಅಷ್ಟ. ಅದರ ಹಿಂದ ಏನೂ ಇಲ್ಲ. ಹುಡುಕಬ್ಯಾಡ.”

“ಹಂಗಂದ್ರ?”

“ಹಂಗಂದ್ರ ಅವರಿಗೆ ಅದೊಂದು ದಿನಾನ ಅಲ್ಲ. ಕೇಳಿಸ್ಕೊಂಡವರ ಮೈಯಾಗಷ್ಟ ಇರತೈತಿ ಅಂಥಾದ್ದು.”

ಅವಳು ಸಮಾಧಾನ ಹೇಳಲೆಂದು ಅಂದಳು. ನಾನು ಅಲ್ಲಿಂದ ಅಂಗಡಿಗೆ ಬಂದೆ. ಒಂದು ಗೇಟಿನ ಕೀಲನ್ನು ಎಡಕ್ಕೆ ಹಚ್ಚುವ ಬದಲು ಬಲಕ್ಕೆ ಹಚ್ಚಿದೆ. ದಾವಲ ಮಾಮಾ ಬಯ್ದು ಕತ್ತರಿಸಿ ಮತ್ತೆ ಮಾಡಿಸಿದ. ಕತ್ತರಿಸುವಾಗ ಹಾರುವ ಕಿಡಿಗಳನ್ನು ನೋಡುತ್ತ ತೀರ್ಮಾನ ಮಾಡಿದೆ. ಅವನ ಮೈಯಲ್ಲಿ ಆ ದಿನ ಇಲ್ಲ ಎಂದರೆ ನನ್ನದನ್ನೇ ಕೊಡುತ್ತೇನೆ. ಒಂದು ವಾರ ಇಟ್ಟುಕೊಳ್ಳಲಿ. ನಾನು ಇಷ್ಟು ವರ್ಷ ಇಟ್ಟುಕೊಂಡಿಲ್ಲವೇ.

ಕೇಳುವ ದಿನ ಹತ್ತಿರ ಬಂದಿತ್ತು. ಹುಣ್ಣಿಮೆ ಕಳೆದ ಮರುದಿನ ಬೆಳಗ್ಗೆ ಊರೆಲ್ಲ ಹೆಜ್ಜೆ ಮನೆಗೆ ಬರುತ್ತದೆ. ಹೊಸ ಎದುರಿನವರು ಸಿಕ್ಕ ಮುದುಕರನ್ನು ಎಲ್ಲರ ಮುಂದೆ ಕುಣಿಸಿ ಕೇಳುತ್ತಾರೆ. ಉತ್ತರ ಬಂದರೆ ಆ ಜೋಡಿ ನಡೆಯುತ್ತದೆ. ಉತ್ತರ ಬರದಿದ್ದರೆ, ಇಲ್ಲವೇ ಎದುರಿನವರು ಕುಣಿತದ ನಡುವೆ ಬಿಟ್ಟು ಹೋದರೆ, ಗೋಡೆ. ಕೇಳುವವನು ಸೊಸೈಟಿ ಅಧ್ಯಕ್ಷ ಮಲ್ಲಣ್ಣ. ಅವನು ತಲೆಗೆ ಕರಿ ಬಣ್ಣ ಹಚ್ಚುತ್ತಾನೆ. ಬಿಳಿ ಕಾಣದಿದ್ದರೆ ಮರೆವು ಹತ್ತಿರ ಸುಳಿಯುವುದಿಲ್ಲವೆಂದು ಅವನ ಲೆಕ್ಕ. ಆದರೂ ಈಗೀಗ ಕುರ್ಚಿಯಲ್ಲಿ ಕೂತಾಗಲೂ ಮೊಣಕಾಲು ಅಲ್ಲಾಡಿಸುತ್ತಿರುತ್ತಾನೆ.

ಅವತ್ತು ನಾನು ಮನೆಯಿಂದಲೇ ಬಟ್ಟೆ ಕಟ್ಟಿಕೊಂಡು ಹೋದೆ. ಎಡ ಮಣಿಕಟ್ಟಿಗೆ ಕಟ್ಟಿಕೊಂಡೆ. ಕಟ್ಟು ಯಾವ ಕೈಗಿದೆ ಎಂದು ಯಾರೂ ನೋಡುವುದಿಲ್ಲ, ಕೆಂಪು ಎದ್ದಾಗ ಕೆಂಪು ಎದ್ದರೆ ಸಾಕು. ತುಳಸಕ್ಕನೂ ನೋಡಲಿಲ್ಲ. “ಭೇಷ್, ಕಟಗೊಂಡ ಬಂದೀ,” ಅಂದಳು. ಅವ್ವ ಮುಂದಿನ ಸಾಲಿನಲ್ಲಿ, ಇಳಕಲ್ ಸೀರೆಯುಟ್ಟು ಕೂತಿದ್ದಳು. ನಾನು ಮಾಸ್ತರನ ಎದುರಿನವನಾಗಿದ್ದು ಅವಳಿಗೆ ಹೆಮ್ಮೆಯಾಗಿತ್ತು. ಪಕ್ಕದವಳಿಗೆ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದಳು.

ಹಲಗೆ ಶುರುವಾಯಿತು. ಮಾಸ್ತರನ ಕೆಂಪು ಮೇಲೆದ್ದಿತು, ನನ್ನ ಕೆಂಪೂ ಎದ್ದಿತು. ಅವನು ಬೋರ್ಡಿನ ಮೇಲೆ ಬರೆದ, ನಾನು ಎಡಗೈಯಲ್ಲಿ ಬರೆದೆ. ಅವನು ಎಡಗೈಯಲ್ಲಿ ಒರೆಸಿದ, ನಾನು ಬಲಗೈಯಲ್ಲಿ ಒರೆಸಿದೆ. ಅವನು ಎತ್ತ ವಾಲಿದನೋ ಅತ್ತಲೇ ವಾಲಿದೆ. ನಮ್ಮಿಬ್ಬರ ನಡುವೆ ಒಂದು ಗಾಜು ನಿಲ್ಲಿಸಿದ್ದರೆ ಯಾರು ಯಾರ ನೆರಳು ಎಂದು ಹೇಳಲಾಗುತ್ತಿರಲಿಲ್ಲ. ನಾನು ಬೇರೇನೂ ನೆನೆಯಲಿಲ್ಲ, ಆ ದಿನವನ್ನಷ್ಟೇ ನೆನೆದೆ. ಬೆಂಚು, ಎಲೆ ಅಡಿಕೆಯ ವಾಸನೆ, ಬಾಗಿಲಲ್ಲಿ ಅಪ್ಪನ ಖಾಕಿ ಅಂಗಿ. ಮೆಲ್ಲಗೆ ಮಾಸ್ತರನ ನೆಟ್ಟಗಿನ ಕುತ್ತಿಗೆ ಬಗ್ಗಿತು. ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಹೆಬ್ಬೆರಳಿನಿಂದ ನೆಲ ಕೆರೆಯುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕತೊಡಗಿದ. ಅದು ಅವನ ಹೆಜ್ಜೆಯಲ್ಲ. ತುಳಸಕ್ಕನ ಹಲಗೆ ಒಂದು ಪೆಟ್ಟು ತಪ್ಪಿತು.

ಮಲ್ಲಣ್ಣ ಗಂಟಲು ಸರಿ ಮಾಡಿಕೊಂಡ. ಮೊದಲನೆಯ ಪ್ರಶ್ನೆ ಯಾವಾಗಲೂ ಒಂದೇ. “ಮಾಸ್ತರ್ರೀ, ನಿಮ್ಮ ಹೆಸರೇನ್ರಿ?”

“ಕಲ್ಮೇಶ ಯಲ್ಲಪ್ಪ,” ಅಂದ ಮಾಸ್ತರ. ಆಮೇಲೆ ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ ಅಂದ, “ಹಾಜರ್ ಸರ್.”

ಯಾರೋ ನಗಲು ಹೋಗಿ ನಿಲ್ಲಿಸಿದರು. ಎಲ್ಲರ ಕಣ್ಣೂ ನನ್ನ ಕೈಗೆ ಬಂದವು. ಕೆಂಪು ಬಟ್ಟೆ ಯಾವ ಕೈಗಿದೆ ಎಂದು ಈಗ ಕಂಡಿತು. “ಅಯ್ಯ ನಿನ್ನ,” ಅಂದಳು ತುಳಸಕ್ಕ, ಆದರೆ ಹಲಗೆ ನಿಲ್ಲಿಸಲಿಲ್ಲ. ದಾಟುತ್ತಿರುವಾಗ ನಿಲ್ಲಿಸಿದರೆ ಎರಡೂ ಮೈ ಕೆಡುತ್ತವೆ ಎಂದು ಅವಳಿಗೆ ಗೊತ್ತು. ನಾನೂ ನಿಲ್ಲಲಿಲ್ಲ. ಇದಕ್ಕಾಗಿಯೇ ಬಂದಿದ್ದೆ.

“ಪಾಠ ನಾ ಓದಿಕೊಂಡ ಬಂದಿದ್ನಿ ಸರ್,” ಅಂದ ಮಾಸ್ತರ. ದನಿ ಒಡೆಯುವುದಕ್ಕೆ ಮುಂಚಿನ ಹುಡುಗನ ದನಿಯಾಗಿತ್ತು ಅದು, ಮುದುಕನ ಗಂಟಲಿನಲ್ಲಿ. “ಬಾಯಿಪಾಠ ಬರತಿತ್ತು. ಹಿಂದಿನ ದಿನಾ ದನದ ಕೊಟ್ಟಿಗ್ಯಾಗ ಕುಂತು ಓದಿದ್ನಿ. ಖರೆ ಎದ್ದು ನಿಂತ ಮ್ಯಾಲೆ ಬಾಗಿಲದಾಗ ನಮ್ಮಪ್ಪ ಬಂದು ನಿಂತ. ಅವಂಗ ನಾ ಓದೂದು ಕೇಳಬೇಕಂತ ಇತ್ತು. ಅವನ ಮಾರಿ ನೋಡಿದೆ, ಎಲ್ಲಾ ಹಾರಿಹೋತು.”

ಇದನ್ನು ನಾನು ಮರೆತಿದ್ದೆ. ಓದಲು ಬರದೆ ನಿಂತೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

“ಆಮ್ಯಾಲೆ ನೀವು ಅಂದ್ರಿ. ಎಲ್ಲಾರೂ ನಕ್ಕರು. ನಮ್ಮಪ್ಪನೂ ನಕ್ಕ.”

ಮುಂದಿನ ಸಾಲಿನಲ್ಲಿ ಅವ್ವನ ಬಳೆಗಳ ಸದ್ದಾಯಿತು. ನಾನು ಅತ್ತ ನೋಡಲಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಅದೊಂದೇ. ಅದು ಈಗ ಊರ ಮುಂದೆ, ಬೇರೆಯವನ ಬಾಯಿಯಲ್ಲಿ, ಕುಣಿಯುತ್ತ ನಿಂತಿತ್ತು.

“ನಕ್ಕ, ಖರೆ ಸರ್,” ಅಂದ ಮಾಸ್ತರ. “ಅವತ್ತ ಊಟದ ಗಂಟಿ ಬಡೀಲಿಕ್ಕೆ ಹೋಗಿ, ಶಾಲಿ ಬಿಡೂ ಗಂಟಿ ಬಡದ. ಎಂದೂ ತಪ್ಪಿದಾಂವಲ್ಲ. ಹುಡುಗುರು ಎಲ್ಲಾ ಚೀಲಾ ತಗೊಂಡು ಓಡಿದರು. ನಾನೂ ಓಡಿದೆ. ನಾ ಚೀಲಾ ತಗೊಳ್ಲಿಲ್ಲ.”

ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗಳನ್ನು ಮುಂದೆ ತರಲಿಲ್ಲ. ಕ್ಲಾಸಿನಲ್ಲಿ ಕೈ ಹಿಂದೆ ಕಟ್ಟಿ ನಿಂತ ಹುಡುಗ ಹೇಳದೆ ಕೈ ಬಿಡುವ ಹಾಗಿಲ್ಲ. ಹಲಗೆ ಮೆತ್ತಗೆ ಬಡಿಯುತ್ತಿತ್ತು. ನನ್ನ ಕೈಗಳೂ ಹಿಂದೆ ಕಟ್ಟಿದ್ದವು, ಯಾವಾಗ ಕಟ್ಟಿಕೊಂಡೆನೋ. ನಾನು ಅವನ ಮುಖದಲ್ಲಿ ನೋವನ್ನು ನೋಡಬೇಕೆಂದು ಬಂದಿದ್ದೆ, ಅದು ಅಲ್ಲಿತ್ತು, ಒಂದು ಚೂರೂ ಕಡಿಮೆಯಿಲ್ಲದೆ ಇತ್ತು. ಆದರೆ ಅದು ಮಾಸ್ತರನ ಮುಖವಾಗಿರಲಿಲ್ಲ. ಮಾಸ್ತರ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ. ಅವನು ನನ್ನನ್ನು ನೋಡುತ್ತಿದ್ದ ರೀತಿಯಿಂದ ಅದು ನನಗೆ ತಿಳಿಯಿತು. ತಲೆ ಸ್ವಲ್ಪ ತಗ್ಗಿಸಿ, ಕಣ್ಣು ಮಾತ್ರ ಎತ್ತಿ, ದೊಡ್ಡವರನ್ನು ನೋಡುವ ಹಾಗೆ ನೋಡುತ್ತಿದ್ದ.

“ಸರ್,” ಅಂದ. “ಒಂದು ಕೇಳ್ಲೇನ್ರಿ?”

ಮಲ್ಲಣ್ಣನ ಮೊಣಕಾಲು ನಿಂತಿತ್ತು.

“ಎಲ್ಲಾರ ಮುಂದ, ನಮ್ಮಪ್ಪನ ಮುಂದ, ನನಗ ಹಂಗ ಯಾಕ ಅಂದ್ರಿ ಸರ್?”

ಕೇಳಿ, ಕಾದ. ಭಾರವನ್ನು ಎಡಗಾಲಿಗೆ ಹಾಕಿದ, ಬಲಗಾಲಿಗೆ ಹಾಕಿದ, ಮತ್ತೆ ಎಡಗಾಲಿಗೆ. ಅವನಿಗೆ ಅವಸರವಿರಲಿಲ್ಲ. ಊರೆಲ್ಲ ನನ್ನ ಬಾಯನ್ನು ನೋಡುತ್ತಿತ್ತು. ಏನಾದರೂ ಹೇಳಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು, ಅದು ನನ್ನ ಮಾತಲ್ಲ. ನಿನಗೆ ಬುದ್ಧಿ ಬರಲೆಂದು ಎನ್ನಬಹುದಿತ್ತು. ಸುಮ್ಮನೆ ಅಂದೆ, ಕುರ್ಚಿಯಲ್ಲಿ ಕೂತಿದ್ದೆ, ಬಾಯಿಗೆ ಬಂತು ಎನ್ನಬಹುದಿತ್ತು, ಅದೇ ನಿಜವಿರಬೇಕು. ಅದನ್ನು ಆ ಹುಡುಗನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ದಾಟಬೇಕಾದ್ದೆಲ್ಲ ದಾಟಿಯಾಗಿತ್ತು. ನನ್ನ ಕಾಲು ನಿಂತಿತು. ಎಡಗೈಯ ಬಟ್ಟೆಯನ್ನು ಹಲ್ಲಿನಿಂದ ಬಿಚ್ಚಿ ನೆಲಕ್ಕೆ ಬಿಟ್ಟೆ. ಜನ ದಾರಿ ಬಿಟ್ಟರು.

“ನಡುವ ಬಿಟ್ಟು ಹೋದ್ರ ಗೋಡಿನೋ ಅವರಿಗೆ,” ಅಂದಳು ತು‌ಳಸಕ್ಕ, ಬಡಿಯುತ್ತಲೇ. “ಗೊತ್ತೈತಿಲ್ಲೋ ನಿನಗ?”

ಗೊತ್ತಿತ್ತು. ಬಾಗಿಲ ಹತ್ತಿರ ಬಂದೆ. ಅಷ್ಟರಲ್ಲಿ ಬಳೆಗಳ ಸದ್ದು ಸಾಲಿನಿಂದ ಎದ್ದು ನಡುವಿಗೆ ಹೋಯಿತು. ತಿರುಗದೆಯೇ ತಿಳಿಯಿತು, ನಾನು ಬಿಟ್ಟ ಜಾಗದಲ್ಲಿ ಅವ್ವ ನಿಂತಿದ್ದಳು. ಅವಳ ಇಳಕಲ್ ಸೀರೆ ಹೆಜ್ಜೆಗೆ ಸರಬರ ಎನ್ನುತ್ತಿತ್ತು.

“ಕಲ್ಮೇಶಿ,” ಎಂದು ಕೂಗಿದಳು.

“ಏನಬೇ,” ಎಂದು ಮಾಸ್ತರ ಓಗೊಟ್ಟ.

ನಾನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದೆ.